ಹಿಂದಿನ ಬೆಂಚುಗಳ ಪಾದ್ರಿ

ಆ ಚರ್ಚಿನ ಮುಂದಿನ ಬೆಂಚುಗಳಲ್ಲಿ ಯಾರಾದರೂ ಕೂತು ಒಂದು ವರ್ಷವೇ ಆಗಿರಬೇಕು. ಪಾದ್ರಿಯ ಹೆಂಡತಿ ಶನಿವಾರ ಮಧ್ಯಾಹ್ನ ಒದ್ದೆ ಬಟ್ಟೆ ಹಿಡಿದು ಅವನ್ನು ಒರೆಸುತ್ತಿದ್ದಳು. ಮುಂದಿನ ಶನಿವಾರ ಮತ್ತೆ ಅಷ್ಟೇ ಧೂಳು, ಅದರ ಮೇಲೆ ಒಂದು ಕೈಗುರುತೂ ಇಲ್ಲ. ಜನ ಬರುತ್ತಿರಲಿಲ್ಲ ಎಂದಲ್ಲ. ಭಾನುವಾರ ತಪ್ಪಿಸುತ್ತಿರಲಿಲ್ಲ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ತಲೆ ಬಾಚಿಕೊಂಡೇ ಬರುತ್ತಿದ್ದರು. ಬಂದು, ಬಾಗಿಲಿಗೆ ಅಂಟಿಕೊಂಡ ಕೊನೆಯ ಬೆಂಚುಗಳಲ್ಲಿ ಒತ್ತೊತ್ತಾಗಿ ಕೂರುತ್ತಿದ್ದರು, ಯಾವುದೋ ಬಸ್ಸು ತಪ್ಪಿಹೋದೀತು ಎಂಬ ಹಾಗೆ.

ಪಾದ್ರಿ ನಿಂತು ಪ್ರಸಂಗ, ಅಂದರೆ ಉಪದೇಶ, ಮಾಡುವ ಪೀಠದಿಂದ ಅಲ್ಲಿಗೆ ದೂರ ಬಹಳ. ಬಾಟಲಿ ಕಾರ್ಖಾನೆ ಹಗಲೂ ರಾತ್ರಿ ನಡೆಯುತ್ತಿದ್ದ ಕಾಲದಲ್ಲಿ, ಊರಿಗೆ ಊರೇ ಹಿಡಿಸಲಿ ಎಂದು ಕಟ್ಟಿದ ಚರ್ಚು ಅದು. ಮಾಡು ಎತ್ತರ. ಮೇಲಕ್ಕೆ ಹೋದ ಮಾತು ಕೆಳಗಿಳಿಯುವಷ್ಟರಲ್ಲಿ ಅರ್ಧ ಸವೆದಿರುತ್ತಿತ್ತು. ಮೊದಲು ಮೈಕು ಇತ್ತು. ಗಾಜಿನ ಕುಲುಮೆಯನ್ನು ಆರಿಸಿದ ಕೆಲವೇ ವಾರಗಳಲ್ಲಿ ಮೈಕಿನ ಪೆಟ್ಟಿಗೆಯೂ ಸುಮ್ಮನಾಯಿತು. ಅದನ್ನು ಸರಿಮಾಡುತ್ತೇನೆಂದು ಬಿಚ್ಚಿದ ಎಲೆಕ್ಟ್ರಿಷಿಯನ್, ಬಿಚ್ಚಿದ್ದನ್ನು ಹಾಗೇ ಬಿಟ್ಟು, ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋಗಿಬಿಟ್ಟ.

ಹಾಗಾಗಿ ಪಾದ್ರಿ ಕೂಗುತ್ತಿದ್ದ.

ಕೂಗುವುದು ಅವನಿಗೆ ಮನೆತನದಿಂದ ಬಂದದ್ದು. ಅವನ ಅಪ್ಪ ಪೊರಕೆ ಮಾರುತ್ತಿದ್ದ. ತಲೆಯ ಮೇಲೆ ಹೊರೆ ಹೊತ್ತು ಬೀದಿಯ ಈ ತುದಿಯಲ್ಲಿ ಬಾಯಿ ತೆರೆದರೆ, ಆ ತುದಿಯ ಅಡುಗೆಮನೆಯಲ್ಲಿ ಹೆಂಗಸರು ಕೈ ಒರೆಸಿಕೊಂಡು ಏಳುತ್ತಿದ್ದರಂತೆ. ಮುಂದೆ ಪಾದ್ರಿಗಳ ಶಾಲೆಯಲ್ಲಿ ಪ್ರಸಂಗ ಕಲಿಸುತ್ತಿದ್ದ ಮುದುಕ ಗುರು, ಹುಡುಗರನ್ನು ಪೀಠಕ್ಕೆ ಹತ್ತಿಸಿ, ತಾನು ಹೋಗಿ ಕೊನೆಯ ಬೆಂಚಿನಲ್ಲಿ ಕೂತು ಕಿವಿಗೆ ಕೈ ಹಿಡಿದು, "ಇಲ್ಲಿಗೆ ಬರಲಿಲ್ಲ" ಅನ್ನುತ್ತಿದ್ದ. "ಕೊನೇ ಬೆಂಚಿನವನೇ ನಿನ್ನ ಸಭೆ. ಮುಂದಿನವರಿಗೆ ಹೇಗೂ ಕೇಳಿಸುತ್ತೆ." ಪೊರಕೆ ಮಾರುವವನ ಮಗನಿಗೆ ಅದರಲ್ಲಿ ಕಷ್ಟವೇನೂ ಕಾಣಲಿಲ್ಲ. ಇಡೀ ತರಗತಿಯಲ್ಲಿ ಮೊದಲ ದಿನವೇ ಕೊನೆಯ ಬೆಂಚು ಮುಟ್ಟಿದವನು ಅವನೊಬ್ಬನೇ.

ಈ ಊರಿಗೆ ಬಂದಾಗ ಕಾರ್ಖಾನೆ ಏದುಸಿರು ಬಿಡುತ್ತಿತ್ತು. ಬಂದ ಮರುವರ್ಷವೇ ಕುಲುಮೆ ಆರಿತು. ಮೊದಲು ಮ್ಯಾನೇಜರ್ ಹೋದ, ಆಮೇಲೆ ಶಾಲೆಯ ಹೆಡ್ಮಾಸ್ತರು, ಆಮೇಲೆ ಔಷಧಿ ಅಂಗಡಿಯವನು. ಅವನೂ ಹೋದ ವಾರದ ಭಾನುವಾರ ಪಾದ್ರಿ ಪೀಠದ ಮೇಲೆ ನಿಂತು, "ಯಾರು ಹೋದರೂ ನಾನು ಹೋಗೋದಿಲ್ಲ" ಅಂದಿದ್ದ. ಆಗ ಮೈಕು ಇನ್ನೂ ಬದುಕಿತ್ತು. ಮಾತು ಗೋಡೆಗೋಡೆಗೂ ತಾಗಿ ಬಂತು. ಒಬ್ಬ ಮುದುಕಿ ಅತ್ತಳು. ಆ ಮಾತನ್ನು ಉಳಿಸಿಕೊಳ್ಳುವುದೊಂದೇ ಈಗ ಅವನ ಬದುಕಿನ ಕೆಲಸ ಎಂಬಂತಾಗಿತ್ತು.

ಶನಿವಾರ ಸಂಜೆ ಅಡುಗೆಮನೆಯ ಮೇಜಿನ ಮುಂದೆ ಕೂತು ಪ್ರಸಂಗ ಹೊಸೆಯುತ್ತಿದ್ದ. ನಂಬಿಕೆ, ನಿರೀಕ್ಷೆ. ವಾರವಾರ ಅದೇ ಎರಡು ಮಾತು, ಅದನ್ನೇ ತಿರುಗಿಸಿ ತಿರುಗಿಸಿ ಹೊಸ ಮಗ್ಗುಲು ಹುಡುಕಬೇಕು. ಬೀಜದ ಉಪಮೆ ಆಯಿತು, ದೀಪದ್ದಾಯಿತು, ಬಸುರಿಯ ನೋವಿನದ್ದಾಯಿತು. ಕಾಯೋಣ, ಅನ್ನುವಲ್ಲಿಗೆ ಎಲ್ಲವೂ ಬಂದು ನಿಲ್ಲುತ್ತಿದ್ದವು. ಎದುರಿಗೆ ಹೆಂಡತಿ ಯಾರದೋ ಕೋಟಿಗೆ ಹೊಲಿಗೆ ಹಾಕುತ್ತಾ, ಆಗಾಗ ತಲೆ ಎತ್ತಿ ನೋಡುತ್ತಿದ್ದಳು.

"ಈ ಸಲ ಯಾವುದು?"

"ಕೊಡೆ."

"ಅದು ಹೋದ ವರ್ಷ ಆಗಿತ್ತು."

"ಹೋದ ವರ್ಷ ಆಗಿದ್ದು ಆಶ್ರಯದ ಕೊಡೆ. ಇದು ಮಡಚಿಟ್ಟ ಕೊಡೆ. ಬೇರೆ."

"ಹೂಂ. ಬೇರೆನೇ," ಅಂದು ಅವಳು ಹಲ್ಲಿನಿಂದ ದಾರ ಕಡಿಯುತ್ತಿದ್ದಳು.

ಭಾನುವಾರ ಅವನು ಕೂಗುತ್ತಿದ್ದ. ಕತ್ತಿನ ನರ ಉಬ್ಬುತ್ತಿತ್ತು, ಬೆವರು ಕಾಲರಿನೊಳಗೆ ಇಳಿಯುತ್ತಿತ್ತು. ಜನ ನೋಡುತ್ತಿದ್ದರು. ನೋಡುತ್ತಾ ತುಟಿ ಅಲುಗಿಸುತ್ತಿದ್ದರು, ಸದ್ದಿಲ್ಲದೆ. ಮೊದಮೊದಲು ಅದನ್ನು ಪ್ರಾರ್ಥನೆ ಅಂದುಕೊಂಡು ಅವನ ಎದೆ ತುಂಬಿ ಬಂದಿತ್ತು. ಒಂದು ಭಾನುವಾರ ದುಃಖದ ಬಗ್ಗೆ ಹೇಳುತ್ತಿದ್ದಾಗ, ಎಡಗಡೆಯ ಗೋಡೆಯ ಪಕ್ಕ ಒಬ್ಬನ ತುಟಿ ಅಲುಗಿದ್ದಕ್ಕೆ ಬಲಗಡೆಯ ಗೋಡೆಯ ಪಕ್ಕ ಒಬ್ಬಳು ಬಾಯಿಗೆ ಕೈ ಒತ್ತಿಕೊಂಡು ನಕ್ಕಳು. ಆವತ್ತಿನಿಂದ ಅದು ಪ್ರಾರ್ಥನೆಯಲ್ಲ ಎಂದು ಗೊತ್ತಾಯಿತು. ಏನೆಂದು ಮಾತ್ರ ಗೊತ್ತಾಗಲಿಲ್ಲ. ಗೊಣಗುವ ಜನ ಎಂದು ತೀರ್ಮಾನಿಸಿಕೊಂಡ. ಗೊಣಗಾಟವನ್ನು ಮೀರಿಸಲು ಇನ್ನೂ ಜೋರಾಗಿ ಕೂಗಿದ. ಮರುವಾರ ಅವರು ಇನ್ನೊಂದು ಬೆಂಚು ಹಿಂದೆ ಸರಿದಿದ್ದರು.

"ಮುಂದೆ ಬನ್ನಿ," ಎಂದು ಕೈಯಾಡಿಸಿ ಕರೆದ. ಯಾರೂ ಏಳಲಿಲ್ಲ. ತಲೆ ತಗ್ಗಿಸಿದರು. ಆರಾಧನೆ ಮುಗಿದು ಬಾಗಿಲಲ್ಲಿ ಕೈ ಕುಲುಕುವಾಗ ಅವನ ಬೂಟನ್ನು ನೋಡುತ್ತಾ, "ಚೆನ್ನಾಗಿತ್ತು ಅಯ್ಯನವರೇ" ಅಂದು ಬೇಗಬೇಗ ಮೆಟ್ಟಿಲಿಳಿದು ಹೋದರು. ಪಾದ್ರಿಗೆ ಆ ಬೂಟು ಬಿಚ್ಚಿ ಗೋಡೆಗೆ ಎಸೆಯಬೇಕು ಅನ್ನಿಸಿತು. ಇಷ್ಟು ಹತ್ತಿರ ನಿಂತು ಇಷ್ಟು ದೂರ ಇರುವುದನ್ನು ಇವರು ಎಲ್ಲಿ ಕಲಿತರು?

ಅದೇ ವಾರ ಸ್ವರ ಒಡೆಯಿತು. ಬೆಳಿಗ್ಗೆ ಎದ್ದು ನೀರು ಕೇಳಲು ಹೋದರೆ ಬಾಗಿಲು ಕಿರುಗುಟ್ಟಿದ ಸದ್ದು ಬಂತು, ಮಾತು ಬರಲಿಲ್ಲ.

ಗಂಟಲಿನ ಡಾಕ್ಟರು ಪುಟ್ಟ ಕನ್ನಡಿಯನ್ನು ಬಾಯಿಗೆ ತೂರಿಸಿ ಬಹಳ ಹೊತ್ತು ನೋಡಿದರು. "ಗಂಟು ಕಟ್ಟಿಕೊಂಡಿದೆ. ಕೂಗೋದು ಬೇಡ. ಮಾತೂ ಬೇಡ. ಪಿಸುಗುಟ್ಟೋದಂತೂ ಬೇಡವೇ ಬೇಡ, ಅದು ಕೂಗೋದಕ್ಕಿಂತ ಕೆಟ್ಟದ್ದು. ಮತ್ತೆ ಕೂಗಿದ್ರೆ ಇರೋದೂ ಹೋಗುತ್ತೆ."

"ಅವರು ಪಾದ್ರಿ," ಅಂದಳು ಹೆಂಡತಿ.

"ಮೌನ ಪ್ರಾರ್ಥನೆ ಅಂತ ಇದೆಯಲ್ಲಮ್ಮ ನಿಮ್ಮಲ್ಲಿ."

ಮನೆಗೆ ಬಂದು ಬಿಷಪ್ಪರಿಗೆ ಫೋನು ಮಾಡಿದ್ದೂ ಅವಳೇ. ಪಾದ್ರಿ ಅವಳ ಹೆಗಲ ಹತ್ತಿರ ಕಿವಿ ತಂದು ನಿಂತಿದ್ದ. ಬಿಷಪ್ಪರು ಕೆಟ್ಟವರಲ್ಲ. ಬಿಡಿಸಿ ಹೇಳಿದರು: ಆ ಸಭೆ ದಿನೇ ದಿನೇ ಕರಗುತ್ತಿದೆ, ಅಲ್ಲಿಗೆ ಇನ್ನೊಬ್ಬ ಪಾದ್ರಿಯನ್ನು ಕಳಿಸಲು ಆಗುವುದಿಲ್ಲ. ಪ್ರಸಂಗ ಮಾಡಲಾಗದಿದ್ದರೆ ಸಭೆಯನ್ನು ನದಿಯಾಚೆಯ ಚರ್ಚಿಗೆ ಸೇರಿಸಿಬಿಡೋಣ. ಇವರು ನಮ್ಮ ಕಚೇರಿಗೆ ಬರಲಿ, ಗಂಟಲಿಗೂ ಆರಾಮ.

ಪಾದ್ರಿ ಹೆಂಡತಿಯ ತೋಳು ಹಿಡಿದು ಅಲುಗಿಸಿದ. ತಲೆಯಾಡಿಸಿ, ಬೇಡ ಬೇಡ ಎಂದು ಸನ್ನೆ ಮಾಡಿದ.

"ಬೇಡ ಅಂತಿದ್ದಾರೆ," ಅಂದಳು ಅವಳು ಫೋನಿಗೆ.

"ಬೇಡ ಅಂದ್ರೆ ಹೇಗಮ್ಮ? ಸರಿ, ಈ ಭಾನುವಾರ ನೋಡಿ. ಪ್ರಸಂಗ ಆದ್ರೆ ಆಯ್ತು. ಆಗದಿದ್ರೆ ಸಾಮಾನು ಕಟ್ಟೋಕೆ ಶುರು ಮಾಡಿ."

ಫೋನು ಇಟ್ಟ ಮೇಲೆ ಅವನು ಅಡುಗೆಮನೆಯಲ್ಲಿ ಅತ್ತಿಂದಿತ್ತ ಓಡಾಡಿದ. ಮ್ಯಾನೇಜರ್ ಹೋದ, ಹೆಡ್ಮಾಸ್ತರು ಹೋದರು, ಕೊನೆಗೆ ಪಾದ್ರಿಯೂ ಹೋದ ಅಂತ ಹೇಳುತ್ತಾರೆ. ಹೋಗೋದಿಲ್ಲ ಅಂತ ಮೈಕಿನಲ್ಲಿ ಹೇಳಿಯೂ ಹೋದ ಅನ್ನುತ್ತಾರೆ. ಅವನಿಗೆ ಸಿಟ್ಟು ಬಂದದ್ದು ಗಂಟಲಿನ ಮೇಲಲ್ಲ, ಹಿಂದಿನ ಬೆಂಚುಗಳ ಮೇಲೆ. ನಾಲ್ಕು ಹೆಜ್ಜೆ ಮುಂದೆ ಬಂದಿದ್ದರೆ ಇದೆಲ್ಲ ಆಗುತ್ತಿತ್ತೇ? ಕೂಗಲು ಬಾಯಿ ತೆರೆದ, ಕಿರುಗುಟ್ಟಿತು. ಹೆಂಡತಿ ಒಂದು ಬಟ್ಟಲು ಬಿಸಿನೀರು ತಂದು ಕೈಗಿಟ್ಟಳು.

"ಮೇಸ್ತ್ರಿ ಮನೆಗೆ ಹೋಗಿ ಬನ್ನಿ. ಅವರಿಗಾದ್ರೂ ಮೊದಲು ಗೊತ್ತಾಗಲಿ."

ಕುಲುಮೆಯ ಮೇಸ್ತ್ರಿ ಸಭೆಯ ಹಿರಿಯ. ಬಾಳೆಲ್ಲ ಕರಗಿದ ಗಾಜಿನ ಮುಂದೆ ನಿಂತು ಅವನ ಹುಬ್ಬು ಸುಟ್ಟುಹೋಗಿತ್ತು; ಹುಬ್ಬಿಲ್ಲದ ಮುಖ ಯಾವಾಗಲೂ ಆಶ್ಚರ್ಯಪಟ್ಟ ಹಾಗೆ ಕಾಣುತ್ತಿತ್ತು. ಅವನು ಅಂಗಳದಲ್ಲಿ ಒಂದು ಮುರುಕು ಕುರ್ಚಿಯನ್ನು ತಲೆಕೆಳಗು ಮಾಡಿಟ್ಟುಕೊಂಡು ಮೊಳೆ ಹೊಡೆಯುತ್ತಿದ್ದ. ಪಾದ್ರಿ ಗೇಟಿನ ಹೊರಗೆ ನಿಂತು, ಹೇಗೆ ತಿಳಿಸುವುದು ಎಂದು ತೋಚದೆ, ಹೇಳಬೇಕಾದದ್ದನ್ನು ಬಾಯೊಳಗೆ ಹೇಳಿಕೊಂಡು ನೋಡಿದ. ಸ್ವರವಿಲ್ಲ, ಉಸಿರೂ ಇಲ್ಲ, ಬರೀ ತುಟಿ: ನನ್ನ ಗಂಟಲು ಹೋಯಿತು ಮೇಸ್ತ್ರಿ, ನಾನು ಈ ಊರು ಬಿಡಬೇಕಾಗಬಹುದು.

"ಅಯ್ಯೋ, ಯಾಕೆ ಬಿಡಬೇಕು? ಗಂಟಲು ಇವತ್ತಲ್ಲ ನಾಳೆ ಬರುತ್ತೆ," ಅಂದ ಮೇಸ್ತ್ರಿ, ಸುತ್ತಿಗೆ ಕೆಳಗಿಡುತ್ತಾ. "ಒಳಗೆ ಬನ್ನಿ, ಬಿಸಿಲು."

ಪಾದ್ರಿ ಅಲ್ಲೇ ನಿಂತ. ಹಿಂದೆ ತಿರುಗಿ ನೋಡಿದ, ಬೇರೆ ಯಾರಾದರೂ ಮಾತಾಡಿದರೇನೋ ಎಂದು. ಯಾರೂ ಇರಲಿಲ್ಲ. ಮತ್ತೆ ತುಟಿ ಅಲುಗಿಸಿದ: ನಾನು ಹೇಳಿದ್ದು ನಿಮಗೆ ಕೇಳಿಸಿತಾ?

"ಕೇಳಿಸೋದು ಎಲ್ಲಿ ಬಂತು. ಕಾಣುತ್ತಲ್ಲ."

"ಯಾರ ಜೊತೆ ಮಾತು?" ಒಳಗಿನಿಂದ ಮೇಸ್ತ್ರಿಯ ಹೆಂಡತಿ ಬಂದು ಕಿಟಕಿಯಲ್ಲಿ ನಿಂತಳು. ಮೇಸ್ತ್ರಿ ಅವಳ ಕಡೆ ತಿರುಗಿ ಸದ್ದಿಲ್ಲದೆ ತುಟಿ ಅಲುಗಿಸಿದ. ಅವಳೂ ತುಟಿಯಲ್ಲೇ ಏನೋ ಅಂದು, ಪಾದ್ರಿಯ ಕಡೆ ನೋಡಿ, ಗಟ್ಟಿಯಾಗಿ, "ಜೇನುತುಪ್ಪ ನೆಕ್ಕಿ ಅಯ್ಯನವರೇ" ಅಂದಳು.

ಆ ಅಂಗಳದಲ್ಲಿ ಕೂತು, ತಲೆಕೆಳಗಾದ ಕುರ್ಚಿಯ ಪಕ್ಕ, ಪಾದ್ರಿಗೆ ಮೇಸ್ತ್ರಿಯ ಮಾತಿನಿಂದ ಎಲ್ಲವೂ ತಿಳಿಯಿತು. ಬಾಟಲಿ ಯಂತ್ರಗಳ ಮಧ್ಯೆ ಮಾತು ಕೇಳಿಸುವುದಿಲ್ಲ. ಸೇರಿದ ಮೊದಲ ಕೆಲವು ವರ್ಷಗಳಲ್ಲೇ ಕಿವಿ ಅರ್ಧ ಹೋಗುತ್ತದೆ. ಅಲ್ಲಿ ಎಲ್ಲರೂ ತುಟಿಯಲ್ಲೇ ಮಾತಾಡುತ್ತಿದ್ದರು, ಕಾರ್ಖಾನೆಯ ಈ ಕೊನೆಯಿಂದ ಆ ಕೊನೆಗೆ. ಮನೆಗೆ ಬಂದ ಮೇಲೂ ಅದೇ ಚಾಳಿ. ಮಕ್ಕಳೂ ಕಲಿಯುತ್ತಾರೆ, ಸೊಸೆಯಂದಿರೂ ಕಲಿಯುತ್ತಾರೆ. ಹೊರಗಿನವರ ಮುಂದೆ ಹಾಗೆ ಮಾಡುವುದು ಮರ್ಯಾದೆಯಲ್ಲ ಎಂದು ಗಟ್ಟಿಯಾಗಿ ಮಾತಾಡುತ್ತಾರೆ, ಅಷ್ಟೆ.

ಹಾಗಾದರೆ ನನ್ನ ಪ್ರಸಂಗ, ಅಂದ ಪಾದ್ರಿ ತುಟಿಯಲ್ಲಿ. ನಿಮಗೆ ಅರ್ಥವಾಗುತ್ತಿರಲಿಲ್ಲವಾ?

ಮೇಸ್ತ್ರಿ ಮೊಳೆಯೊಂದನ್ನು ಬೆರಳಲ್ಲಿ ಹೊರಳಿಸಿದ. "ಮೈಕು ಇದ್ದಾಗ ಆಗ್ತಿತ್ತು. ಆವಾಗ ನಿಮ್ಮ ಬಾಯಿ ನೆಟ್ಟಗಿತ್ತು. ಕೂಗೋಕೆ ಶುರು ಮಾಡಿದ ಮೇಲೆ ಬಾಯಿ ಅಷ್ಟಗಲ. ತೆರೆದದ್ದು ಕಾಣುತ್ತೆ, ಮಾತು ಕಾಣಲ್ಲ. ಸದ್ದು ಕೇಳಿಸುತ್ತೆ, ಗುಡುಗಿದ ಹಾಗೆ."

ಮತ್ತೆ ಯಾಕೆ ಹಿಂದೆ ಹಿಂದೆ ಹೋಗ್ತೀರಿ?

"ಬೈಸಿಕೊಳ್ಳೋಕೆ ಮುಂದೆ ಯಾರು ಬರ್ತಾರೆ ಅಯ್ಯನವರೇ?"

ನಾನು ಬೈದೆನಾ, ಅಂದ ಪಾದ್ರಿ, ತನ್ನ ಎದೆಗೆ ಬೆರಳು ತೋರಿಸಿಕೊಂಡು.

"ನಮ್ಮ ಕಾರ್ಖಾನೇಲಿ ಒಬ್ಬನೇ ಕೂಗ್ತಿದ್ದದ್ದು, ಪಾಳಿ ಸೂಪರ್‌ವೈಸರು. ಅವನು ಬಾಯಿ ಅಷ್ಟಗಲ ಮಾಡಿದ ಅಂದ್ರೆ ಯಾರೋ ಒಬ್ಬರು ಅವತ್ತು ಮನೆಗೆ. ನೀವೂ ಹಾಗೇ ಮಾಡಿದಾಗ ನಾವು ಅಂದ್ಕೊಂಡ್ವಿ, ಅಯ್ಯನವರಿಗೆ ನಮ್ಮ ಮೇಲೆ ಸಿಟ್ಟು ಬಂದಿದೆ. ಕಾರ್ಖಾನೆ ನಿಂತಿದ್ದು ನಮ್ಮಿಂದಾನೇ ಅಂತ ಬೈತಿದ್ದಾರೆ. ನಂಬಿಕೆ ಸಾಲದು ಅಂತ ಬೈತಿದ್ದಾರೆ. ನನ್ನ ಸೊಸೆಗೆ ಕಿವಿ ಚೆನ್ನಾಗಿದೆ. ಏನಂದ್ರು ಅಂತ ಕೇಳಿದ್ರೆ, 'ಕಾಯಿರಿ, ಕಾಯಿರಿ ಅಂದ್ರು' ಅಂತಿದ್ಳು. ಆ ಮುಖ ಇಟ್ಕೊಂಡು 'ಕಾಯಿರಿ' ಅಂದ್ರೆ ಏನರ್ಥ? ನಾವು ಬೆದರಿಕೆ ಅಂದ್ಕೊಂಡ್ವಿ."

ಅದು ಭರವಸೆ, ಅಂದ ಪಾದ್ರಿ.

"ಹಾಗಾ," ಅಂದ ಮೇಸ್ತ್ರಿ. ಹುಬ್ಬಿಲ್ಲದ ಹಣೆ ಇನ್ನಷ್ಟು ಮೇಲೆ ಹೋಯಿತು. "ಮುಖ ಹಾಗಿರಲಿಲ್ಲ."

ದಾರಿಯುದ್ದಕ್ಕೂ ಪಾದ್ರಿ ತನ್ನ ಕೊಡೆಗಳನ್ನೂ ದೀಪಗಳನ್ನೂ ನೆನೆದು ಹಲ್ಲು ಕಡಿದ. ಒಂದು ವರ್ಷದ ಶನಿವಾರಗಳು. ಮೇಜಿನ ಮೇಲೆ ಹೊಸೆದ ಒಂದೊಂದು ವಾಕ್ಯವೂ ಪೀಠದಿಂದ ಹೊರಟು ಬೈಗುಳವಾಗಿ ಹೋಗಿ ಇಳಿದಿತ್ತು. ಇವರಿಗೆ ಬಾಯಿ ಇರಲಿಲ್ಲವೇ? ಒಬ್ಬನಾದರೂ ಬಂದು, ಅಯ್ಯನವರೇ ಯಾಕೆ ಬೈತೀರಿ ಎಂದು ಕೇಳಬಹುದಿತ್ತಲ್ಲ. ಇಲ್ಲ, ಬೈದವನಿಗೆ "ಚೆನ್ನಾಗಿತ್ತು" ಎಂದು ಕೈ ಕುಲುಕಿ ಹೋದರು. ತಾನಾದರೂ ಕೇಳಬಹುದಿತ್ತು ಎಂಬುದು ಮನೆಯ ಬಾಗಿಲಲ್ಲಿ ಹೊಳೆಯಿತು. ಅದರಿಂದ ಸಿಟ್ಟು ಹೆಚ್ಚಾಯಿತೇ ಹೊರತು ಇಳಿಯಲಿಲ್ಲ.

ಹೆಂಡತಿ ಕಥೆ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ಮೇಜು ಕುಟ್ಟಿ, ನಿನಗೆ ಗೊತ್ತಿತ್ತಾ, ಎಂದು ಬಾಯಾಡಿಸಿದ.

"ತುಟೀಲಿ ಮಾತಾಡ್ತಾರೆ ಅಂತ ಗೊತ್ತಿತ್ತು. ನಲ್ಲಿ ಹತ್ರ ನಿಂತು ನಿಂತು ನಾನೂ ಸ್ವಲ್ಪ ಕಲಿತಿದ್ದೀನಿ. ಇಲ್ಲಾಂದ್ರೆ ಒಂದು ಸುದ್ದೀನೂ ಸಿಗಲ್ಲ."

ಮತ್ತೆ ನನಗೆ ಯಾಕೆ ಹೇಳಲಿಲ್ಲ?

"ನಿಮಗೆ ಗೊತ್ತಿಲ್ಲ ಅಂತ ನನಗೇನು ಗೊತ್ತು? ಕೂಗೋದು ನಿಮ್ಮ ಮನೆತನದ ರೋಗ ಅಂದ್ಕೊಂಡಿದ್ದೆ. ಮಾವನವರು ಊಟಕ್ಕೆ ಕರೆದ್ರೂ ಪಕ್ಕದ ಬೀದಿಯವರು ಎದ್ದು ಬರ್ತಿದ್ರಲ್ಲ."

ಅಯ್ಯನವರು ಬೈದದ್ದಲ್ಲ, ಈ ಸಲ ಪ್ರಸಂಗ ತುಟಿಯಲ್ಲೇ ಎಂದು ಭಾನುವಾರಕ್ಕೆ ಮೊದಲು ಮೇಸ್ತ್ರಿ ಮನೆಮನೆಗೆ ಹೋಗಿ ಹೇಳಿ ಬಂದಿದ್ದ. ಅಂದು ಜನ ಬಂದು, ಬಾಗಿಲ ಹತ್ತಿರ ಸ್ವಲ್ಪ ತಡೆದು, ಒಬ್ಬರನ್ನೊಬ್ಬರು ನೋಡಿಕೊಂಡು, ಮಧ್ಯದ ಬೆಂಚುಗಳವರೆಗೆ ಬಂದರು. ಅಲ್ಲಿಂದ ಮುಂದೆ ಬರಲಿಲ್ಲ. ಪಾದ್ರಿ ಪೀಠ ಹತ್ತಲಿಲ್ಲ. ಮೇಸ್ತ್ರಿ ತೋರಿಸಿದ ಜಾಗದಲ್ಲಿ, ಮುಖದ ಮೇಲೆ ಕಿಟಕಿಯ ಬೆಳಕು ಬೀಳುವಂತೆ ನಿಂತ. ಬೈಬಲಿನಿಂದ ಓದುವುದನ್ನು ಮೇಸ್ತ್ರಿಯೇ ಓದಿದ. ಹಾಡನ್ನು ಎಲ್ಲರೂ ಹಾಡಿದರು, ಎಂದಿನಂತೆ ಜೋರಾಗಿ, ಎಂದಿನಂತೆ ಒಬ್ಬೊಬ್ಬರು ಒಂದೊಂದು ಶ್ರುತಿಯಲ್ಲಿ. ಆಮೇಲೆ ಸದ್ದು ನಿಂತಿತು.

ಪಾದ್ರಿ ತುಟಿ ತೆರೆದು ಪ್ರಸಂಗ ಶುರು ಮಾಡಿದ.

ಅಷ್ಟು ಕಣ್ಣುಗಳು ಅವನ ಬಾಯಿಯ ಮೇಲೆ ಯಾವತ್ತೂ ನೆಟ್ಟಿರಲಿಲ್ಲ. ಒಂದು ಮಗು ಕೆಮ್ಮಿದರೆ ಅದರ ತಾಯಿ ಕಣ್ಣು ಕದಲಿಸದೆಯೇ ಅದರ ಬೆನ್ನು ತಟ್ಟಿದಳು. ತಲುಪುತ್ತಿದೆ ಎಂದು ಅವನಿಗೆ ಗೊತ್ತಾಯಿತು, ಕೊನೆಗೂ. ಬಹಳ ಸಂತೋಷವಾಗಬೇಕಿತ್ತು. ಆದರೆ ಸ್ವರವಿಲ್ಲದ ವಾಕ್ಯಗಳು ಬಾಯಿಯಲ್ಲಿ ಹಗುರಾಗಿ, ಗಾಳಿ ಊದಿದ ಖಾಲಿ ಲಕೋಟೆಗಳ ಹಾಗೆ ಅನ್ನಿಸಿದವು. ಕೂಗುವಾಗ ಮಾತಿನ ತೂಕವೆಲ್ಲ ಗಂಟಲಿನದ್ದಾಗಿತ್ತು. ಈಗ ಮಾತಿಗೆ ಅದರದ್ದೇ ತೂಕ ಬೇಕು. ಕತ್ತಲೆ ಎಷ್ಟು ದೀರ್ಘವಾದರೂ ಬೆಳಕಿಗೆ ಅದರ ಸಮಯ ಗೊತ್ತು, ಅಂದ. ಆದ್ದರಿಂದ ಕಾಯೋಣ, ಅಂದ.

ಮಧ್ಯದ ಬೆಂಚಿನಲ್ಲಿ ಒಬ್ಬಳ ತುಟಿ ಅಲುಗಿತು. ಅಷ್ಟು ಅವನಿಗೂ ಓದಲು ಬಂತು.

ಇಲ್ಲ.

ಅವಳು ಬಿರುಕಕ್ಕ. ಕಾರ್ಖಾನೆಯಲ್ಲಿ ದೀಪದ ಮುಂದೆ ಸಾಗಿಹೋಗುವ ಬಾಟಲಿಗಳನ್ನು ನೋಡುತ್ತಾ ಕೂತು, ಬಿರುಕು ಬಿಟ್ಟದ್ದನ್ನು ಎತ್ತಿ ಪಕ್ಕಕ್ಕೆ ಹಾಕುವುದು ಅವಳ ಕೆಲಸವಾಗಿತ್ತು. ಹಿರಿಯರೂ ಕಿರಿಯರೂ ಅವಳನ್ನು ಕರೆಯುವುದು ಹಾಗೆಯೇ. ಗಂಡ ಸತ್ತು ಬಹಳ ದಿನವಾಗಿತ್ತು. ಒಬ್ಬಳು ಮಗಳು, ಈಗ ಅವಳ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದಳು.

ಪಾದ್ರಿ ಕಾಣದವನಂತೆ ಮುಂದುವರಿದ. ಕಾಯುವವರ ಕೈ ಬರಿದಾಗುವುದಿಲ್ಲ, ಅಂದ. ಮತ್ತೆ ಅವಳ ತುಟಿ: ಇಲ್ಲ. ಈ ಸಲ ಅವಳ ಹಿಂದೆ ಕೂತಿದ್ದ ಇಬ್ಬರು ಗಂಡಸರು ಕೆಳಗೆ ನೋಡಿದರು.

ಅವನು ನಿಂತ. ಏನು ಇಲ್ಲ? ಹೇಳಮ್ಮ.

ಬಿರುಕಕ್ಕ ಎದ್ದಳು. ಗಟ್ಟಿಯಾಗಿ ಹೇಳಲಿಲ್ಲ, ಅವನು ಹೇಗೆ ಹೇಳಿದ್ದನೋ ಹಾಗೆಯೇ ಹೇಳಿದಳು. ಸಭೆಯೆಲ್ಲ ಅವಳತ್ತ ತಿರುಗಿ, ಅವಳ ಬಾಯಿಯನ್ನು ಓದಿತು. ತಲೆಗಳು ಅಲುಗಿದವು. ಯಾರೋ ಮೂಗು ಒರೆಸಿಕೊಂಡರು. ಆ ದೊಡ್ಡ ಕಟ್ಟಡದಲ್ಲಿ ಏನೂ ಕೇಳಿಸದವನು ಪಾದ್ರಿಯೊಬ್ಬನೇ ಆಗಿದ್ದ. ಅವಳ ತುಟಿ ಅಷ್ಟು ವೇಗವಾಗಿತ್ತು.

ಕೊನೆಗೆ ಪಕ್ಕದ ಬೆಂಚಿನಿಂದ ಅವನ ಹೆಂಡತಿ ಎದ್ದಳು. "ಮುಂದಿನ ವಾರ ಮಗಳನ್ನ ಕರ್ಕೊಂಡು ಹೊರಡ್ತಿದ್ದಾಳಂತೆ. ಬಂದರಿನ ಊರಲ್ಲಿ, ಆಸ್ಪತ್ರೆ ಬಟ್ಟೆ ಒಗೆಯೋ ಕಡೆ ಇಬ್ಬರಿಗೂ ಕೆಲಸ ಇದೆಯಂತೆ." ಬಿರುಕಕ್ಕನ ಕಡೆ ನೋಡಿ, ಮುಂದುವರಿಸಿದಳು. "'ಹೊರಡೋಕೂ ನಂಬಿಕೆ ಬೇಕಲ್ಲ, ಅದರ ಬಗ್ಗೆ ಇವರು ಒಂದು ಮಾತೂ ಆಡಲ್ಲ' ಅಂತಾಳೆ. 'ಕಾಯೋರಿಗೆ ಮಾತ್ರಾನಾ ದೇವರು, ಹೋಗೋರಿಗೆ ಇಲ್ವಾ' ಅಂತಾಳೆ. ಇನ್ನೂ ಏನೋ ಅಂದ್ಳು, ಅದು ನನಗೆ ಸಿಗಲಿಲ್ಲ."

"ಅದು ಸಿಗದಿದ್ದದ್ದೇ ಒಳ್ಳೇದಾಯ್ತು ಅಮ್ಮ," ಎಂದಿತು ಹಿಂದಿನಿಂದ ಒಂದು ಸ್ವರ. ಕೆಲವರು ನಕ್ಕರು. ಬಿರುಕಕ್ಕ ನಗಲಿಲ್ಲ, ಕೂರಲೂ ಇಲ್ಲ.

ಪಾದ್ರಿಗೆ, ನಾನು ಯಾರಿಗೋಸ್ಕರ ಇಲ್ಲಿ ಉಳಿದೆ, ಯಾರಿಗೋಸ್ಕರ ಗಂಟಲು ಹರಿದುಕೊಂಡೆ, ಎಂದು ಕೇಳಬೇಕೆನ್ನಿಸಿತು. ಅದನ್ನು ತುಟಿಗೆ ತರದಂತೆ ಬಾಯಿ ಬಿಗಿ ಹಿಡಿದ. ಇಲ್ಲಿ ತುಟಿಗೆ ಬಂದದ್ದೆಲ್ಲ ಆಡಿದ ಹಾಗೆಯೇ. ಬಿಗಿ ಹಿಡಿದುಕೊಂಡು ನಿಂತಾಗ ಅದರ ಕೆಳಗಿದ್ದ ಇನ್ನೊಂದು ಮಾತು ಕಂಡಿತು. ಕಾಯಿರಿ ಎಂದು ಅವರಿಗೆ ಹೇಳುತ್ತಿದ್ದೆ, ಆದರೆ ಅವರು ಹೋಗದೆ ಇರಬೇಕಾದದ್ದು ನನಗೆ. ಅವರು ಇದ್ದರೆ ತಾನೇ ನಾನು ಉಳಿದದ್ದಕ್ಕೊಂದು ಅರ್ಥ.

ಹೋಗಬೇಕು ಅಂತಿರುವವರು ಎಷ್ಟು ಜನ? ನಿಧಾನವಾಗಿ, ಒಂದೊಂದೇ ಪದವನ್ನು ತುಟಿಯಲ್ಲಿ ಬಿಡಿಸಿ ಕೇಳಿದ.

ಮೊದಲು ಯಾರೂ ಕೈ ಎತ್ತಲಿಲ್ಲ. ಆಮೇಲೆ ಆ ಇಬ್ಬರು ಗಂಡಸರು. ಆಮೇಲೆ ಕಿಟಕಿಯ ಪಕ್ಕದ ಇಡೀ ಕುಟುಂಬ, ಅಜ್ಜಿಯೊಬ್ಬಳನ್ನು ಬಿಟ್ಟು. ಆಮೇಲೆ ಅಜ್ಜಿಯೂ. ಕೈಗಳು ಏಳುತ್ತಲೇ ಹೋದವು. ಕೊನೆಯಲ್ಲಿ ಮೇಸ್ತ್ರಿಯ ಕೈ ಕಿವಿಯವರೆಗೆ ಬಂದು, ಕೆರೆದುಕೊಳ್ಳುತ್ತಿದೆಯೋ ಎತ್ತುತ್ತಿದೆಯೋ ತಿಳಿಯದಂತೆ ಅಲ್ಲೇ ನಿಂತಿತು. "ಮಗ ಕರೀತಿದ್ದಾನೆ," ಅಂದ ಅವನು, ಗಟ್ಟಿಯಾಗಿಯೇ, ಯಾರ ಮುಖವನ್ನೂ ನೋಡದೆ.

ಪಾದ್ರಿ ಆ ಕೈಗಳ ಮುಂದೆ ನಿಂತಿದ್ದ. ಇಷ್ಟು ದಿನ ಇವು ಬಾಗಿಲ ಹತ್ತಿರ ಮಡಿಲಲ್ಲಿ ಮುಚ್ಚಿಕೊಂಡಿದ್ದವು. ಏನಾದರೂ ಹೇಳಲೇಬೇಕಿತ್ತು. ಬೀಜ, ದೀಪ, ಕೊಡೆ, ಯಾವುದೂ ಇದಕ್ಕೆ ಹೊಂದಲಿಲ್ಲ.

ಹೋಗುವವರಿಗೆ ಏನು ಹೇಳಬೇಕು ಅಂತ ನನಗೆ ಗೊತ್ತಿಲ್ಲ, ಅಂದ. ಅದನ್ನು ನಾನು ಯೋಚಿಸಲೇ ಇಲ್ಲ.

ಬಿರುಕಕ್ಕ ಅವನ ಬಾಯಿಯನ್ನು, ಮಾತು ಮುಗಿದ ಮೇಲೂ, ಸ್ವಲ್ಪ ಹೊತ್ತು ನೋಡಿದಳು, ದೀಪದ ಮುಂದಿನ ಬಾಟಲಿಯನ್ನು ನೋಡುವ ಹಾಗೆ. ಆಮೇಲೆ ಕೂತಳು.

ಮಧ್ಯಾಹ್ನ ಬಿಷಪ್ಪರ ಫೋನು ಬಂತು. "ಪ್ರಸಂಗ ಆಯ್ತಾ?"

"ಆಯ್ತು," ಅಂದಳು ಹೆಂಡತಿ.

"ಸ್ವರ ಬಂತಾ ಹಾಗಾದ್ರೆ?"

"ಇಲ್ಲ. ಸ್ವರ ಇಲ್ಲದೆ ಆಯ್ತು. ಎಲ್ಲರಿಗೂ ಅರ್ಥ ಆಯ್ತು, ಒಬ್ಬಳು ಎದ್ದು ನಿಂತು ಜಗಳಾನೂ ಆಡಿದ್ಳು."

"ಅದು ಹೇಗಮ್ಮ?"

"ಅದನ್ನ ಫೋನಿನಲ್ಲಿ ತೋರಿಸೋಕಾಗಲ್ಲ."

ಬಿಷಪ್ಪರು ಗಟ್ಟಿಯಾಗಿ ನಕ್ಕರು. ಸರಿ, ಜನ ಇರುವ ತನಕ ಅವರು ಅಲ್ಲೇ ಇರಲಿ, ಅಂದರು. ಪಾದ್ರಿಗೆ ಬೇಕಾಗಿದ್ದದ್ದೂ ಅದೇ, ಹಟ ಹಿಡಿದದ್ದೂ ಅದಕ್ಕೇ. ಈಗ ಅದು ಸಿಕ್ಕಿತ್ತು, ಜನ ಇರುವ ತನಕ. ಅವನು ಬಿಸಿನೀರಿನ ಪಾತ್ರೆಯ ಮುಚ್ಚಳವನ್ನು ಎಷ್ಟು ಜೋರಾಗಿ ಮುಚ್ಚಿದನೆಂದರೆ ಅದು ಹಾರಿ ಒಲೆಯ ಹಿಂದೆ ಬಿತ್ತು. ಹೆಂಡತಿ ಅದನ್ನು ಎತ್ತಿಕೊಡಲಿಲ್ಲ. ಅವನೇ ಬಗ್ಗಿ, ಮಸಿಯಲ್ಲಿ ಕೈ ತೂರಿಸಿ ತೆಗೆದ. ಕೈ ತೊಳೆದುಕೊಂಡು ಹೊರಗೆ ಹೊರಟ.

ಬಿರುಕಕ್ಕ ಬಾಗಿಲಿಗೆ ಅಡ್ಡವಾಗಿ ಪೆಟ್ಟಿಗೆ ಇಟ್ಟುಕೊಂಡು ಪಾತ್ರೆಗಳನ್ನು ಹಳೇ ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಒಳಗೆ ಕರೆಯಲು ದಾರಿ ಇರಲಿಲ್ಲ. ಅವನು ಹೊಸ್ತಿಲ ಹೊರಗೇ ನಿಂತು, ಬೆಳಕಿಗೆ ಮುಖ ತಿರುಗಿಸಿಕೊಂಡು ಕೇಳಿದ: ಯಾವತ್ತು ಹೊರಡೋದು?

"ಶುಕ್ರವಾರ," ಅಂದಳು. ಅವನಿಗೆ ತುಟಿ ಓದಲು ಬರುವುದಿಲ್ಲ ಎಂದು ತಿಳಿದು ಗಟ್ಟಿಯಾಗಿಯೇ ಅಂದಳು.

ಶುಕ್ರವಾರ ಬೇಡ. ಭಾನುವಾರ ಆರಾಧನೆ ಮುಗಿಸಿ ಹೋಗಿ. ಅಷ್ಟರಲ್ಲಿ ಹೋಗುವವರಿಗೆ ಹೇಳಲು ಏನಾದರೂ ಸಿದ್ಧ ಮಾಡುತ್ತೇನೆ.

ಅವಳು ಬಟ್ಟೆ ಸುತ್ತುತ್ತಿದ್ದ ತಟ್ಟೆಯನ್ನು ಮಡಿಲಿಗಿಟ್ಟುಕೊಂಡಳು. "ಮತ್ತೆ ಕಾಯಿರಿ ಅಂತಾನೇ ಅಂತೀರಲ್ಲ ಅಯ್ಯನವರೇ."

ಅವಳು ಹೇಳಿದ್ದು ನಿಜವಾಗಿತ್ತು. ಒಳಗಿನಿಂದ ಮಗಳು ಕಿಸಕ್ಕನೆ ನಕ್ಕಳು. ಅವಳಿಗೆ ಅವನ ಮಾತು ಗೋಡೆಯ ಕನ್ನಡಿಯಲ್ಲಿ ಕಂಡಿತ್ತು.

"ಭಾನುವಾರ ಬೆಳಿಗ್ಗೆ ತನಕ," ಅಂದಳು ಬಿರುಕಕ್ಕ. "ಪೆಟ್ಟಿಗೆ ಚರ್ಚಿಗೇ ತಂದು ಇಟ್ಕೋತೀನಿ. ಅಲ್ಲಿಂದಲೇ ಬಸ್ಸು. ಪ್ರಸಂಗ ಉದ್ದ ಆದ್ರೆ ಮಧ್ಯದಲ್ಲೇ ಎದ್ದು ಹೋಗ್ತೀನಿ, ಆಮೇಲೆ ಬೇಜಾರು ಮಾಡ್ಕೋಬಾರದು."

ಅವನು ತಲೆಯಾಡಿಸಿ ಬೀದಿಗೆ ಇಳಿದ. ಸಿಟ್ಟು ಇನ್ನೂ ಹೋಗಿರಲಿಲ್ಲ. ಕಾಲಿಗೆ ಸಿಕ್ಕ ಕಲ್ಲನ್ನು ಒದ್ದ. ನಡೆಯುತ್ತಲೇ ವಾಕ್ಯ ಹೊಸೆಯಲು ಶುರು ಮಾಡಿದ. ದಾರಿಯೂ ದೇವರ ಮನೆಯ ಒಂದು ಕೋಣೆ. ಅಲ್ಲ. ಹೋಗುವ ಹಕ್ಕಿಗೆ ಗೂಡು ಬೈಯುವುದಿಲ್ಲ. ಹೂಂ, ಇದು ಪರವಾಗಿಲ್ಲ. ಗೂಡು ಬೈಯುವುದಿಲ್ಲ, ಯಾಕೆಂದರೆ...

"ಹಕ್ಕಿ ಬೇಡ ಅಯ್ಯನವರೇ," ಅಂದಿತು ಮೇಲಿನಿಂದ ಒಂದು ಸ್ವರ. ಎದುರು ಮಹಡಿಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು, ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪನ್ನು ತೆಗೆದು ಕೈಯಲ್ಲಿ ಹಿಡಿದಿದ್ದಳು. ಅವನ ತುಟಿಯನ್ನು ಬೀದಿಯ ತಿರುವಿನಿಂದಲೇ ಓದುತ್ತಾ ಬಂದಿದ್ದಳೆಂದು ಕಾಣುತ್ತದೆ. "ಹಕ್ಕಿ ವಾಪಸ್ಸು ಬರುತ್ತೆ. ಬೇರೆ ಏನಾದ್ರೂ ನೋಡಿ."

ಪಾದ್ರಿ ಬಾಯಿಗೆ ಅಂಗೈ ಅಡ್ಡ ಹಿಡಿದುಕೊಂಡು, ಅದರ ಹಿಂದೆ ಬೇರೆಯದನ್ನು ಹುಡುಕುತ್ತಾ, ಮನೆಯ ಕಡೆ ನಡೆದ.